ಹುಲ್ಲಿನ ಮೇಲೆ ಹದಿನೇಳು ವಿಮಾನ

ಗಂಡ ಜಯರಾಮನ ವರ್ಷಾಬ್ದಿಕ ಮುಗಿದ ಮರುದಿನ ಅವನ ಗೆಳೆಯ ಉಮಾನಾಥ ಮೈಥಿಲಿಗೆ ಫೋನ್ ಮಾಡಿದ. ಮುಂದಿನ ಶನಿವಾರ ಸಣ್ಣ ವಿಮಾನ ಹಾರಿಸುವವರೆಲ್ಲ ಮತ್ತೆ ವಾಲ್ಟರನ ಹೊಲದಲ್ಲಿ ಸೇರುತ್ತಾರೆ, ಜಯರಾಮನ ಹೆಸರಿನಲ್ಲಿ ಒಂದು ಬೆಂಚು ಹಾಕಿಸಿದ್ದಾರೆ, ನೀವೂ ಮಗಳು ಶರಣ್ಯಾನೂ ಬಂದರೆ ಅವರಿಗೆಲ್ಲ ಸಮಾಧಾನವಾಗುತ್ತದೆ ಎಂದ. ಮೈಥಿಲಿ ಒಲೆಯ ಮೇಲಿನ ಹಾಲನ್ನೇ ನೋಡುತ್ತಾ "ಬರ್ತೀವಿ" ಎಂದಳು. ಬರುವುದಿಲ್ಲ ಎಂದರೆ ಕಾರಣ ಹೇಳಬೇಕಾಗುತ್ತಿತ್ತು. ಆ ವರ್ಷವೆಲ್ಲ ಅವಳು ಹೆಚ್ಚಿನದಕ್ಕೆ ಹೂಂ ಎಂದದ್ದು ಹೀಗೆಯೇ.

ಜಯರಾಮ್ ಸ್ಯಾನ್ ಹೊಸೆಯ ಒಂದು ನೆಟ್‌ವರ್ಕ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ. ತೊಂಬತ್ತೆಂಟರಲ್ಲಿ, ಸುತ್ತಲಿನವರೆಲ್ಲ ದೊಡ್ಡ ಮನೆಯ ಮಾತಾಡುತ್ತಿದ್ದಾಗ, ಅವನು ಮೌಂಟನ್ ವ್ಯೂನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲೇ ಉಳಿದುಕೊಂಡು ವಿಮಾನ ಹಾರಿಸುವುದನ್ನು ಕಲಿತ. ಫ್ಲೈಯಿಂಗ್ ಕ್ಲಬ್ಬಿನಲ್ಲಿ ಉಮಾನಾಥನ ಪರಿಚಯವಾಯಿತು. ಅವನು ಉಡುಪಿಯ ಕಡೆಯವನು, ಚಿಪ್ ಡಿಸೈನಿನವನು. ವಾರಾಂತ್ಯ ಬಂದರೆ ಇಬ್ಬರೂ ಕ್ಲಬ್ಬಿನ ವಿಮಾನ ತೆಗೆದುಕೊಂಡು ಸಮುದ್ರದ ದಡಕ್ಕೆ ಹೋಗಿ ತಿಂಡಿ ತಿಂದು ಬರುತ್ತಿದ್ದರು. ತಿಂಡಿಗಾಗಿ ಬೆಟ್ಟ ದಾಟುವ ಗಂಡಸರನ್ನು ಮೈಥಿಲಿ ಬೇರೆಲ್ಲೂ ನೋಡಿರಲಿಲ್ಲ.

ಹೋದ ವರ್ಷ ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಜಯರಾಮ್ ವಾಲ್ಟರನ ಹುಲ್ಲಿನ ರನ್‌ವೇಯಿಂದ ಒಬ್ಬನೇ ಹೊರಟ. ಅಲ್ಲಿನ ಕೂಟ ಮುಗಿಸಿ ಅವನು ಮನೆಗೆ ಬರಬೇಕಾಗಿದ್ದದ್ದು ಭಾನುವಾರ. ವಿಮಾನದಲ್ಲಿ ಟೆಂಟು, ಹಾಸಿಗೆ, ಒಲೆ, ಟೂಲ್‌ಬಾಕ್ಸು ಎಲ್ಲ ಇತ್ತು, ಟ್ಯಾಂಕು ತುಂಬಿತ್ತು. ರನ್‌ವೇಯ ಕೊನೆಯಲ್ಲಿದ್ದ ನೀಲಗಿರಿ ಮರಗಳ ಸಾಲನ್ನು ವಿಮಾನ ದಾಟಲಿಲ್ಲ. ಆಚೆಯ ಏಪ್ರಿಕಾಟ್ ತೋಟದಲ್ಲಿ ಬಿತ್ತು.

ಸೊಂಟದ ಪೇಜರಿಗೆ ಆಫೀಸಿನಿಂದ ಪೇಜ್ ಬಂತಂತೆ, ಅದಕ್ಕೇ ಅವಸರದಲ್ಲಿ ಹೊರಟನಂತೆ ಎಂದು ಜನ ಮಾತಾಡಿಕೊಂಡರು. ಮೈಥಿಲಿ ತಿದ್ದಲಿಲ್ಲ. ಪೇಜ್ ಮಾಡಿದ್ದು ಅವಳು. ಅವತ್ತು ಮಧ್ಯಾಹ್ನ ಮೇಲಿನ ಮನೆಯ ವಾಟರ್ ಹೀಟರ್ ಒಡೆದು ಇವರ ಬೆಡ್‌ರೂಮಿನ ಸೂರಿನಿಂದ ನೀರು ಸುರಿಯುತ್ತಿತ್ತು. ಅಪಾರ್ಟ್‌ಮೆಂಟಿನ ಮ್ಯಾನೇಜರ್ ಸಿಗಲಿಲ್ಲ. ಅರ್ಧ ಗಂಟೆಯಲ್ಲಿ ಮೂರು ಸಲ ಅವನ ಪೇಜರಿಗೆ ಮನೆಯ ನಂಬರು ಕಳಿಸಿ, "ಅಪ್ಪ ಫೋನ್ ಮಾಡಿದ್ರೆ ವಿಷಯ ಹೇಳು" ಎಂದು ಮಗಳಿಗೆ ಹೇಳಿ, ಬಕೆಟ್ಟು ಪ್ಲಾಸ್ಟಿಕ್ ಹಾಳೆ ತರಲು ಅಂಗಡಿಗೆ ಹೋದಳು. ವಾಪಸ್ ಬಂದಾಗ ಅವನು ಫೋನ್ ಮಾಡಿರಲಿಲ್ಲ. ನಾಲ್ಕೂವರೆಗೆ ಶೆರಿಫ್ ಕಚೇರಿಯ ಪೊಲೀಸರು ಬಾಗಿಲು ತಟ್ಟಿದರು.

ಅವಳು ಅಳಲಿಲ್ಲ. ಮೊದಮೊದಲು ಜನ ಅದನ್ನು ಧೈರ್ಯ ಎಂದರು, ಆಮೇಲೆ ಏನೂ ಅನ್ನಲಿಲ್ಲ. ಮೂರು ವಾರಕ್ಕೆ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಮರಳಿದಳು. ಜಯರಾಮನ ಕಂಪನಿಯವರು ಒಂದು ಮೀಟಿಂಗ್ ರೂಮಿಗೆ ಅವನ ಹೆಸರಿಟ್ಟರು. ಫೆಬ್ರವರಿಯಲ್ಲಿ ಕಂಪನಿಯೇ ಮುಚ್ಚಿತು. ಬಾಗಿಲಿನ ಹಿತ್ತಾಳೆ ಫಲಕವನ್ನು ಯಾರೋ ಬಿಚ್ಚಿ, ಚೀಟಿಯೂ ಇಲ್ಲದೆ, ಕವರಿನಲ್ಲಿ ಹಾಕಿ ಅವಳಿಗೆ ಕಳಿಸಿದ್ದರು. ಮೈಥಿಲಿ ಅದನ್ನು ಬೀಗದ ಕೈಗಳಿರುವ ಡ್ರಾಯರಿನಲ್ಲಿಟ್ಟಳು.

ಶನಿವಾರ ಬೆಳಿಗ್ಗೆ ಆರಕ್ಕೆ ತಾಯಿ ಮಗಳು ಹೊರಟರು. ಶರಣ್ಯಾಳಿಗೆ ಹದಿನಾಲ್ಕು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಿಟಕಿಗೆ ಒರಗಿದ್ದಳು. ಮಾರ್ಗನ್ ಹಿಲ್ ದಾಟಿದ ಮೇಲೆ ಫ್ರೀವೇ ಖಾಲಿಯಾಯಿತು. ಗಿಲ್ರಾಯ್ ಹತ್ತಿರ ಬೆಳ್ಳುಳ್ಳಿಯ ವಾಸನೆ ಕಾರಿನೊಳಗೆ ಬಂತು.

"ವರಿ ಮಾಡ್ಬೇಡ. ಬೆಂಚು ನೋಡಿ ಬಂದುಬಿಡೋಣ," ಎಂದಳು ಮೈಥಿಲಿ.

"ಐ ಆಮ್ ನಾಟ್ ವರೀಡ್," ಎಂದಳು ಶರಣ್ಯಾ.

ವಾಲ್ಟರನ ಹೊಲ ಹಾಲಿಸ್ಟರಿನ ಆಚೆ ಒಣ ಗುಡ್ಡಗಳ ನಡುವೆ ಇತ್ತು. ಅವನ ತಂದೆಯ ಕಾಲದಲ್ಲಿ ಔಷಧಿ ಸಿಂಪಡಿಸುವ ವಿಮಾನಕ್ಕಾಗಿ ಮಾಡಿದ ರನ್‌ವೇ ಪಟ್ಟಿ ಅದು. ಈಗ ಹುಲ್ಲು ಕತ್ತರಿಸಿ, ಎರಡೂ ಬದಿಗೆ ಬಿಳಿ ಬಳಿದ ಟೈರುಗಳನ್ನು ಹೂತಿಟ್ಟಿದ್ದ. ಒಂದು ಪಕ್ಕದಲ್ಲಿ ಸಣ್ಣ ವಿಮಾನಗಳು ಸಾಲಾಗಿ ನಿಂತಿದ್ದವು. ಉಮಾನಾಥ ಇವರಿಗಾಗಿ ಗೇಟಿನಲ್ಲೇ ಕಾಯುತ್ತಿದ್ದ. ಅವನೂ ಕಾರಿನಲ್ಲೇ ಬಂದಿದ್ದ.

"ಹದಿನೇಳು ವಿಮಾನ ಉಂಟು ಈ ಸಲ. ಹೋದ ವರ್ಷ ನಲವತ್ತರ ಮೇಲಿತ್ತು," ಎಂದ. "ಕೆಲಸ ಹೋಗಿ ಸುಮಾರು ಜನ ಮಾರಿಬಿಟ್ಟಿದ್ದಾರೆ."

ನಿಂತಿದ್ದವುಗಳಲ್ಲೂ ಮೂರರ ಪ್ರೊಪೆಲರಿಗೆ 'ಮಾರಾಟಕ್ಕಿದೆ' ಎಂಬ ಹಾಳೆ ಅಂಟಿಸಿತ್ತು. ಮುಚ್ಚಿಹೋದ ಕಂಪನಿಗಳ ಟೋಪಿ ಹಾಕಿಕೊಂಡ ಗಂಡಸರು ಕಾಗದದ ತಟ್ಟೆ ಹಿಡಿದು ಪ್ಯಾನ್‌ಕೇಕಿಗೆ ಸಾಲು ನಿಂತಿದ್ದರು. ಒಬ್ಬೊಬ್ಬರೇ ಬಂದು ಮೈಥಿಲಿಯ ಕೈ ಹಿಡಿದರು. ಬೆಂಚು ಓಕ್ ಮರದ ಕೆಳಗಿತ್ತು. ಅದರ ಮೇಲೆ ಕೆತ್ತಿದ ಜಯರಾಮನ ಹೆಸರಿನ ಒಂದು ಅಕ್ಷರ ತಪ್ಪಿತ್ತು. ಯಾರಿಗೂ ಅದು ಗೊತ್ತಾಗಿರಲಿಲ್ಲ. ಎಲ್ಲರೂ ಟೋಪಿ ತೆಗೆದು ಒಂದು ನಿಮಿಷ ಸುಮ್ಮನೆ ನಿಂತರು. ಮೈಥಿಲಿ ಥ್ಯಾಂಕ್ಸ್ ಹೇಳಿದಳು. ತನ್ನ ಧ್ವನಿ ತನಗೇ ಲ್ಯಾಬಿನ ಕೌಂಟರಿನಲ್ಲಿ ರಿಪೋರ್ಟು ಕೊಡುವಾಗಿನ ಧ್ವನಿಯಂತೆಯೇ ಕೇಳಿಸಿತು.

ಆಗ ಡೋರಿಸ್ ಎಂಬ ಮುದುಕಿ ಬಂದಳು. ಎಪ್ಪತ್ತರ ಹತ್ತಿರದ ವಯಸ್ಸು, ಶಾಲೆಯಲ್ಲಿ ಟೀಚರಾಗಿದ್ದವಳು. ಅವಳದ್ದು ಎರಡೇ ಸೀಟಿನ ಹಳದಿ ವಿಮಾನ. ಮಕ್ಕಳನ್ನು ಕೂರಿಸಿಕೊಂಡು ಹತ್ತು ನಿಮಿಷ ಸುತ್ತಾಡಿಸುತ್ತಿದ್ದಳು. ಶರಣ್ಯಾಳನ್ನು ಬರುತ್ತೀಯಾ ಎಂದು ಕೇಳಿ, ಕೇಳಿದ ಮೇಲೆ ಹುಡುಗಿ ಯಾರೆಂದು ನೆನಪಾಗಿ ಸುಮ್ಮನಾದಳು.

ಶರಣ್ಯಾ ತಾಯಿಯ ಕಡೆ ತಿರುಗಿದಳು. "ಕ್ಯಾನ್ ಐ?"

ಉಮಾನಾಥ ಮೈಥಿಲಿಯ ಮುಖ ನೋಡಿದ. "ಈಗ ತಂಪಿದೆ. ತಂಪಿನಲ್ಲಿ ಗಾಳಿ ದಟ್ಟ ಇರ್ತದೆ, ವಿಮಾನ ಬೇಗ ಮೇಲೆ ಏಳ್ತದೆ," ಎಂದ. ಅಷ್ಟು ಹೇಳಿ, "ಆದ್ರೂ ನಿಮಗೆ ಬೇಡ ಅನ್ಸಿದ್ರೆ ಬೇಡ."

"ಹೋಗಿ ಬಾ," ಎಂದಳು ಮೈಥಿಲಿ.

ಹಳದಿ ವಿಮಾನ ಹುಲ್ಲಿನ ಮೇಲೆ ಕುಲುಕುತ್ತಾ ಓಡಿ, ಅರ್ಧ ಪಟ್ಟಿಯೂ ಮುಗಿಯುವ ಮೊದಲೇ ಎದ್ದು, ನೀಲಗಿರಿ ಸಾಲಿನ ಮೇಲೆ ಸುಲಭವಾಗಿ ಹೋಯಿತು. ಮೈಥಿಲಿ ಭಯಕ್ಕಾಗಿ ಕಾದಳು. ಭಯ ಬರಲಿಲ್ಲ. ಇದ್ದೊಬ್ಬ ಮಗಳು ಅಲ್ಲಿ ಮೇಲಿದ್ದಾಳೆ ಎಂದು ಮನಸ್ಸಿಗೆ ಹೇಳಿಕೊಂಡಳು. ಪಕ್ಕದ ಮನೆಯವರ ಸುದ್ದಿ ಕೇಳಿದ ಹಾಗಿತ್ತು.

ಇಬ್ಬರೂ ಬೆಂಚಿನ ಮೇಲೆ ಕೂತರು. ಉಮಾನಾಥ ತಟ್ಟೆಯನ್ನು ಮಡಿಸಿದ, ಮತ್ತೆ ಮಡಿಸಿದ.

"ನಿಮ್ಮತ್ರ ಒಂದು ಮಾತು ಹೇಳ್ಲಿಕ್ಕಿತ್ತು," ಎಂದ. "ಅವತ್ತು ಹೊರಡುವಾಗ ಅವನು ನನ್ನತ್ರ ಬಂದಿದ್ದ. ಸಂಜೆವರೆಗೆ ಕಾಯ್ಲಾ, ಈಗ್ಲೇ ಹೋಗ್ಲಾ ಅಂತ ಕೇಳಿದ. ಬಿಸಿಲಿಗೆ ಗಾಳಿ ತೆಳು ಆಗ್ತದೆ, ಇಂಜಿನ್ನಿಗೂ ರೆಕ್ಕೆಗೂ ಬಲ ಕಡಿಮೆ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಟೆಂಟು ಗಿಂಟು ಎಲ್ಲ ಇಳಿಸು, ನಾನು ನಾಳೆ ತರ್ತೇನೆ ಅಂತ ಹೇಳ್ಬೇಕಿತ್ತು ಮಾರಾಯ್ರೆ. ನಾನು ಊಟ ಮಾಡ್ತಾ ಇದ್ದೆ. ತಲೆ ಎತ್ತದೆ, ಏನೂ ಆಗುದಿಲ್ಲ ಹೋಗು ಅಂದೆ."

"ನೀವು ಆಮೇಲೆ ಹಾರಿಸಿಲ್ವಾ?" ಎಂದು ಮೈಥಿಲಿ ಕೇಳಿದಳು.

"ಇಲ್ಲ."

"ಆಫೀಸಿಂದ ಪೇಜ್ ಬಂದಿರ್ಲಿಲ್ಲ ಉಮಾನಾಥ್. ನಾನೇ ಮಾಡಿದ್ದು. ಮನೇಲಿ ನೀರು ಸೋರ್ತಿತ್ತು. ಅಷ್ಟೇ ವಿಷಯ."

"ಗೊತ್ತುಂಟು. ಮನೆ ನಂಬರ್ ಅಂತ ಅವನೇ ತೋರಿಸಿದ. ಇಲ್ಲಿ ಸೆಲ್ ಫೋನ್ ಸಿಗುದಿಲ್ಲ ನೋಡಿ, ವಾಲ್ಟರ್ ಮನೆಗೆ ಹೋಗಿ ಅಲ್ಲಿಂದ ಫೋನ್ ಮಾಡಿದ. ನಾಲ್ಕು ಸಲ ಮಾಡಿದನಂತೆ. ಎಂಗೇಜು. ಮೂರು ಪೇಜು, ಮೇಲಿಂದ ಲೈನು ಎಂಗೇಜು. ಮಗಳಿಗೆ ಏನಾದ್ರೂ ಆಯ್ತಾ ಅಂತ ಹೆದರಿಬಿಟ್ಟ."

"ನಾಲ್ಕು ಸಲ," ಎಂದಳು ಮೈಥಿಲಿ.

ಮನೆಯಲ್ಲಿ ಇದ್ದದ್ದು ಒಂದೇ ಲೈನು. ಇಂಟರ್ನೆಟ್ಟಿಗೂ ಅದೇ, ಅದು ನಡೆಯುತ್ತಿರುವಾಗ ಹೊರಗಿನಿಂದ ಫೋನ್ ಮಾಡಿದವರಿಗೆ ಎಂಗೇಜು. ಅಂಗಡಿಯಿಂದ ಬಂದಾಗ ಶರಣ್ಯಾ ಕಂಪ್ಯೂಟರಿನ ಮುಂದಿದ್ದಳು. ಪರದೆಯ ಮೇಲೆ ಗೆಳತಿಯರ ಜೊತೆಗಿನ ಚಾಟು ತೆರೆದಿತ್ತು. ಕೋಣೆಯಲ್ಲಿ ನೀರು ಸುರಿಯುತ್ತಿರುವಾಗ ಇದೇನು ಎಂದು ಮೈಥಿಲಿ ಬೈದಿದ್ದಳು. ಲೈನಿನ ವಿಚಾರ ಆಗ ಹೊಳೆದಿರಲಿಲ್ಲ, ಈ ವರ್ಷವಿಡೀ ಹೊಳೆದಿರಲಿಲ್ಲ. ಈಗ ಹೊಳೆಯಿತು.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದೀರಾ?"

"ಇಲ್ಲ."

"ಶರಣ್ಯಾ ಮುಂದೆ ಹೇಳ್ಬೇಡಿ."

ಉಮಾನಾಥ ಅವಳನ್ನು ನೋಡಿದ. ಅವನಿಗೂ ಹೆಣ್ಣುಮಕ್ಕಳಿದ್ದರು, ಒಂದೇ ಫೋನ್ ಲೈನ್ ಇತ್ತು. "ಇಲ್ಲ, ಹೇಳುದಿಲ್ಲ," ಎಂದ.

ಹಳದಿ ವಿಮಾನ ಇಳಿಯಿತು. ಶರಣ್ಯಾಳ ಕೂದಲು ಕೆದರಿತ್ತು. ಹೇಗಿತ್ತು ಎಂದರೆ, "ಲೌಡ್" ಎಂದಳು. ಅಷ್ಟರಲ್ಲಿ ವಾಲ್ಟರನ ಹೆಂಡತಿ ಎಡ್ನಾ ಬಂದು, ಬಿಸಿಲೇರುತ್ತಿದೆ, ಒಳಗೆ ಬಂದು ನಿಂಬೆ ಪಾನಕ ಕುಡಿಯಿರಿ ಎಂದು ತಾಯಿ ಮಗಳನ್ನು ಮನೆಗೆ ಕರೆದೊಯ್ದಳು.

ಅಡುಗೆಮನೆ ತಂಪಾಗಿತ್ತು. ಮೈಥಿಲಿ ಲೋಟ ಹಿಡಿದಾಗ ಗೋಡೆಯ ಮೇಲಿನ ಹಸಿರು ಫೋನು ಕಣ್ಣಿಗೆ ಬಿತ್ತು. ಎದ್ದು ಹೊರಡಬೇಕು ಎಂದುಕೊಂಡಳು. ಎಡ್ನಾ ಆಗಲೇ ಮಾತು ಶುರು ಮಾಡಿದ್ದಳು. ಒಳ್ಳೆಯ ಹೆಂಗಸು, ದುಃಖದಲ್ಲಿದ್ದವರಿಗೆ ತನ್ನಲ್ಲಿದ್ದ ಏನನ್ನಾದರೂ ಕೊಡಬೇಕೆಂಬ ಆಸೆ. "ನಿನ್ನ ತಂದೆ ಇಲ್ಲೇ ನಿಂತಿದ್ದರು ಮಗು," ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ನಿಮ್ಮ ಧ್ವನಿ ಕೇಳಬೇಕು ಅಂತ ಎಷ್ಟು ಸಲ ನಂಬರು ಒತ್ತಿದರು. ಪ್ರತಿ ಸಲವೂ ಲೈನ್ ಬಿಜಿ. ಕಡೇಲಿ ನನಗೆ ಥ್ಯಾಂಕ್ಸ್ ಹೇಳಿ ಹೋದರು. ಅಷ್ಟು ಮರ್ಯಾದೆಯ ಮನುಷ್ಯ."

ಶರಣ್ಯಾ ಲೋಟವನ್ನು ಮೇಜಿನ ಮೇಲಿಟ್ಟಳು.

ಹನ್ನೊಂದು ಗಂಟೆಗೆ ಹೊರಟರು. ಉಮಾನಾಥ ಕಾರಿನವರೆಗೆ ಬಂದ. ಹೆಂಡತಿ ಸೋನಾಲಿಯ ಜೊತೆ ಒಂದು ದಿನ ಮನೆಗೆ ಬರುತ್ತೇನೆ ಎಂದ. ಬನ್ನಿ ಎಂದಳು ಮೈಥಿಲಿ. ಶರಣ್ಯಾ ಈ ಸಲ ಹೆಡ್‌ಫೋನ್ ಹಾಕಿಕೊಳ್ಳಲಿಲ್ಲ. ಹಾಲಿಸ್ಟರ್ ಕಳೆಯಿತು, ಗಿಲ್ರಾಯ್ ಕಳೆಯಿತು. ಹುಡುಗಿ ತನ್ನ ಮಂಡಿಗಳನ್ನೇ ನೋಡುತ್ತಾ ಕೂತಿದ್ದಳು.

"ಅಮ್ಮ, ಎಷ್ಟು ಹೊತ್ತಿಗೆ ಕಾಲ್ ಮಾಡಿದ್ರಂತೆ?"

ಬೆಳಗಿನಿಂದ ಅವಳು ಕನ್ನಡದಲ್ಲಿ ಮಾತಾಡಿದ್ದು ಇದೇ ಮೊದಲು.

"ಆಗ ನಾನೇ ಫೋನಲ್ಲಿದ್ದೆ. ಮ್ಯಾನೇಜರ್ ಹತ್ರ ಮಾತಾಡ್ತಿದ್ದೆ."

"ನೋ. ಯು ವರ್ ಅಟ್ ದ ಸ್ಟೋರ್."

"ಹೋಗೋ ಮುಂಚೆ."

"ಅಮ್ಮ. ಐ ವಾಸ್ ಆನ್‌ಲೈನ್."

ಮುಂದೆ ಒಂದು ಲಾರಿ ಹೋಗುತ್ತಿತ್ತು. ಮೈಥಿಲಿ ಅದನ್ನು ದಾಟಲಿಲ್ಲ, ಅದರ ಹಿಂದೆಯೇ ಹೋದಳು. ಮಾರ್ಗನ್ ಹಿಲ್‌ನ ತಿರುವು ಬಂದಾಗ ಫ್ರೀವೇ ಬಿಟ್ಟು, ಮೊದಲು ಸಿಕ್ಕ ಗ್ರೋಸರಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿದಳು. ಇಂಜಿನ್ ಆರಿಸಲಿಲ್ಲ, ಏಸಿ ಬೇಕಾಗಿತ್ತು.

"ನೀನು ಆನ್‌ಲೈನ್ ಇದ್ದೆ," ಎಂದಳು. "ನಾನು ಮೂರು ಸಲ ಪೇಜ್ ಮಾಡ್ದೆ. ಒಂದು ಸಲ ಮಾಡಿದ್ರೆ ಸಾಕಿತ್ತು. ಆಫೀಸಿಂದ ಬಂತು ಅಂತ ಜನ ಹೇಳಿದ್ರಲ್ಲ, ಅದು ಸುಳ್ಳು. ಉಮಾನಾಥ್ ಅಂಕಲ್ ಹೋಗು ಅಂದ್ರಂತೆ, ಅವರೂ ಒಂದು ವರ್ಷ ಅದನ್ನೇ ಹೊತ್ಕೊಂಡು ತಿರುಗ್ತಿದಾರೆ."

ಶರಣ್ಯಾ ಏಸಿಯ ಗಾಳಿಯನ್ನು ತನ್ನ ಮುಖದಿಂದ ಆಚೆ ತಿರುಗಿಸಿದಳು.

"ಬಿಸಿಲು ಜಾಸ್ತಿ ಇತ್ತು. ವಿಮಾನ ಭಾರ ಇತ್ತು. ಸಾಮಾನು ಇಳಿಸ್ಬೇಕು ಅಂತ ಅಪ್ಪಂಗೆ ಗೊತ್ತಿತ್ತು, ಇಳಿಸ್ಲಿಲ್ಲ. ಮರ ಇತ್ತು. ಅದ್ರಿಂದ ಬಿತ್ತು. ಫೋನಿಂದ ಬೀಳ್ಲಿಲ್ಲ."

"ಬಟ್ ಹಿ ವಾಸ್ ಸ್ಕೇರ್ಡ್. ಬಿಕಾಸ್ ಆಫ್ ಮಿ."

ಹಾಗಲ್ಲ ಎಂದು ಹೇಳಲು ಮೈಥಿಲಿ ಬಾಯಿ ತೆರೆದಳು. ಈಗ ತಾನೇ ಹೇಳಿದ ಸುಳ್ಳನ್ನು ಹುಡುಗಿ ಎಷ್ಟು ಬೇಗ ಹಿಡಿದಳು ಎಂಬುದು ನೆನಪಾಯಿತು.

"ಹೌದು, ಹೆದರಿದ್ರು," ಎಂದಳು. "ನಿನಗೇನಾಯ್ತೋ ಅಂತ ಹೆದರಿದ್ರು. ನಿನಗೆ ಏನೂ ಆಗಿರ್ಲಿಲ್ಲ."

ಶರಣ್ಯಾ ಅಳತೊಡಗಿದಳು. ಮೊದಲು ಸದ್ದಿಲ್ಲದೆ, ಆಮೇಲೆ ಚಿಕ್ಕಂದಿನಲ್ಲಿ ಡೇಕೇರಿನ ಬಾಗಿಲಲ್ಲಿ ಅಳುತ್ತಿದ್ದ ಹಾಗೆ ಬಾಯಿ ತೆರೆದು ಅತ್ತಳು. ಮೈಥಿಲಿ ಸೀಟ್ ಬೆಲ್ಟ್ ಬಿಚ್ಚಿ ಮಗಳ ತಲೆಯನ್ನು ಎಳೆದು ಹೆಗಲಿಗೆ ಒತ್ತಿಕೊಂಡಳು. ಹೆಗಲು ಒದ್ದೆಯಾಯಿತು. ಅವಳಿಗೆ ಮಾತ್ರ ಅಳು ಬರಲಿಲ್ಲ. ಪಕ್ಕದಲ್ಲಿ ಒಬ್ಬ ಹೆಂಗಸು ಸಾಮಾನುಗಳನ್ನು ಕಾರಿಗೆ ತುಂಬಿ, ಗಾಡಿಯನ್ನು ಅಲ್ಲೇ ಬಿಟ್ಟು ಹೋದಳು. ಇಪ್ಪತ್ತು ನಿಮಿಷವಾಗಿರಬಹುದು, ಇನ್ನೂ ಹೆಚ್ಚೇ ಆಗಿರಬಹುದು.

ಆಮೇಲೆ ಶರಣ್ಯಾ ಮೂಗು ಒರೆಸಿಕೊಂಡು, ಹಸಿವು ಎಂದಳು. ಬೆಳಗಿನಿಂದ ಇಬ್ಬರೂ ಏನೂ ತಿಂದಿರಲಿಲ್ಲ.

ಅಂಗಡಿಯೊಳಗೆ ಹೋದರು. ಮನೆಯಲ್ಲಿ ನಿನ್ನೆಯ ಅನ್ನ ಇದೆ, ಮೊಸರು ಸಿಕ್ಕರೆ ಒಗ್ಗರಣೆ ಹಾಕಿ ಕಲಸಿದರಾಯಿತು ಎಂದುಕೊಂಡು ಮೈಥಿಲಿ ಬುಟ್ಟಿ ಹಿಡಿದು ಹಾಲು ಮೊಸರಿನ ಕಪಾಟಿನ ಮುಂದೆ ನಿಂತಳು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ದೊಡ್ಡ ಡಬ್ಬಿ ತೆಗೆಯಲು ಕೈ ಚಾಚಿದರೆ ಕೈ ನಡುಗುತ್ತಿತ್ತು. ಒಂದು ಕೈಯಲ್ಲಿ ಇನ್ನೊಂದನ್ನು ಹಿಡಿದುಕೊಂಡಳು. ಎರಡೂ ನಡುಗಿದವು. ಬುಟ್ಟಿ ಕೆಳಗೆ ಬಿತ್ತು.

ಶರಣ್ಯಾ ಬುಟ್ಟಿಯನ್ನು ಎತ್ತಿಕೊಂಡಳು.

"ಅಮ್ಮ, ಯಾವ್ದು? ದೊಡ್ಡದಾ, ಚಿಕ್ಕದಾ?"

"ದೊಡ್ಡದು," ಎಂದಳು ಮೈಥಿಲಿ. ಹಾಗೆ ನಿಂತೇ ಇದ್ದಳು, ಮಗಳು ಡಬ್ಬಿಯ ಮೇಲಿನ ತಾರೀಖು ನೋಡಿ ಅದನ್ನು ಬುಟ್ಟಿಗೆ ಹಾಕುವವರೆಗೆ.