ಬಾಗಿಲ ಸಂದೀಲಿ ಉಳಿದ ಕಾಲು

ಪಾಂಡವಪುರದ ಮಾಜಿ ಸೈನಿಕರ ಸಂಘದೋರು ತಮ್ಮ ಹಳೇ ಮೀಟಿಂಗ್ ರೂಮ್ನ ಮ್ಯೂಸಿಯಂ ಮಾಡ್ತಾವ್ರೆ. ಬಂದೂಕ, ಪದಕ ಯಾವ್ದೂ ಬ್ಯಾಡವಂತೆ. ಮಿಲಿಟ್ರಿಯಿಂದ ಗಾಯ ಮಾಡ್ಕೊಂಡು ಬಂದೋರ್ನ ಆವಾಗಿಂದ ಈವಾಗಿನವರ್ಗೂ ಎಂಗೆ ನೋಡ್ಕೊಂಡ್ರು, ಅದು ಕಾಣ್ಬೇಕಂತೆ. ಅದರ ಉಸ್ತುವಾರಿ ಕಿಶನ್‌ದು, ಮೈಸೂರಲ್ಲಿ ಇದನ್ನೇ ಓದ್ಕೊಂಡು ಬಂದೋನು. "ಪ್ರಮೀಳಮ್ಮ, ಅವರ ಸಾಮಾನು ಕೊಡಿ ಅಂತ ನಾನು ಹೋಗಿ ಬಾಗ್ಲು ತಟ್ಟಿದ್ರೆ ಓಟು ಕೇಳಕ್ಕೆ ಬಂದವ್ನೆ ಅಂದ್ಕೋತಾರೆ, ನೀವು ಬನ್ನಿ" ಅಂತ ನನ್ನ ಕೈಗೆ ರಿಜಿಸ್ಟರು ಕೊಟ್ಟ.

ಒಪ್ಕೊಂಡೆ. ಬಾಬುರಾಯನಕೊಪ್ಪಲಲ್ಲಿ ಮನೇಲಿ ಕೂತು ನಾನು ಮಾಡೋದಾದ್ರೂ ಏನಿತ್ತು? ನಮ್ಮ ಯಜಮಾನ್ರು ಲೋಕೇಶ್ ತೀರ್ಕೊಂಡು ಹನ್ನೊಂದು ತಿಂಗಳಾಗಿತ್ತು. ನಂಗೆ ಒಂದು ತೊಟ್ಟು ಕಣ್ಣೀರು ಬಂದಿರ್ಲಿಲ್ಲ. ಊಟ ಮಾಡ್ತಿದ್ದೆ, ಸೀರೆ ಉಟ್ಕೋತಿದ್ದೆ, ಯಾರಾದ್ರೂ ಏನಾದ್ರೂ ಕೇಳಿದ್ರೆ ಉತ್ತರ ಕೊಡ್ತಿದ್ದೆ. ಅಷ್ಟೇಯ.

ಹೊಣಕೆರೆ ಹತ್ರ ನರಸಯ್ಯ ಅಂತ ಮುದುಕ್ರು. ಷೆಲ್ ಬಿದ್ದು ಎರಡೂ ಕಿವಿ ಹೋಗಿರೋರು. ಊಟಕ್ಕೆ ಕರೆಯೋಕೆ ಅಂತ ಅವರ ಹೆಂಡ್ತಿ ಒಂದು ಹುರಿ ಕಟ್ಟಿದ್ರಂತೆ, ಒಂದು ತುದಿ ಅವರ ಕಾಲ್ಬೆರಳಿಗೆ, ಇನ್ನೊಂದು ತುದಿ ಒಲೆ ಪಕ್ಕದ ಮೊಳೆಗೆ. ಆ ಹುರೀನ ಸುತ್ತಿ ಕೊಟ್ರು. ಕೆ.ಆರ್. ಪೇಟೇಲಿ ಖೈರುನ್ನೀಸಾ ಗಂಡನ ಅಂಗಿ ಕೊಟ್ಟಳು. ಆತ ಮಿಲಿಟ್ರಿ ಲಾರಿ ಓಡಿಸ್ತಿದ್ದೋನು, ಬಲಗೈ ಹೋಗಿತ್ತು. ಒಂದೇ ಕೈಲಿ ಹಾಕ್ಕೊಳ್ಳಲಿ ಅಂತ ಗುಂಡಿ ಎಲ್ಲ ಕಿತ್ತು ಟಿಚ್ ಬಟನ್ ಹೊಲಿದಿದ್ಳು. "ಜಲ್ದಿ ತಗೊಂಡು ಹೋಗಕ್ಕ, ಮನಸ್ಸು ಬದ್ಲಾಗ್ಬುಡ್ತದೆ" ಅಂತ ಅತ್ತಳು. ಅವಳು ಅಳ್ತಿದ್ರೆ ನಾನು ಬರ್ಕೊಂಡೆ: ಅಂಗಿ ಒಂದು, ಟಿಚ್ ಬಟನ್ ಆರು. ಎಂಥ ಹೆಂಗಸಪ್ಪ ನಾನು ಅಂತ ನಂಗೇ ಅನ್ನಿಸ್ತು.

ಕಿಶನ್ ರಿಜಿಸ್ಟರು ತಿರುವಿ ಹಾಕಿ, "ಊರುಗೋಲು ಒಂಬತ್ತು ಬಂದವೆ, ಮರದ ಕಾಲು ಒಂದೂ ಇಲ್ವಲ್ಲ" ಅಂದ. ಆಮೇಲೆ ಮೆತ್ತಗೆ, "ಲೋಕೇಶಣ್ಣಂದು…" ಅಂದ.

"ನೋಡಪ್ಪ, ಅದೊಂದು ಕೇಳ್ಬ್ಯಾಡ. ಕೇಳಿದ್ರೆ ರಿಜಿಸ್ಟರ್ನ ಇಲ್ಲೇ ಬಿಸಾಕ್ಬುಟ್ಟು ಬಸ್ಸತ್ತುತೀನಿ" ಅಂದೆ.

ಕೋಪ ಅವನ ಮೇಲಲ್ಲ. ಆ ಕಾಲು ನಮ್ಮನೇಲಿ ಉಳಿದದ್ದೇ ನನ್ನ ತಪ್ಪಿಂದ.

ಗಡೀಲಿ ಮೈನ್ ಸಿಡಿದು ನಮ್ಮ ಯಜಮಾನ್ರ ಎಡಗಾಲು ತೊಡೆವರ್ಗೂ ಹೋಯ್ತು. ಮಿಲಿಟ್ರಿ ಆಸ್ಪತ್ರೇಲಿ ಮರದ ಕಾಲು ಕೊಟ್ರು, ಕಬ್ಬಿಣದ ಮಂಡಿ, ಚರ್ಮದ ಪಟ್ಟಿ. ಆಮೇಲೆ ಹಗುರದ್ದೂ ಬಂತು. ಗದ್ದೆ ಬದೀಲಿ ನಿಲ್ಲಕ್ಕೆ ಮರದ್ದೇ ಗಟ್ಟಿ ಅಂತ ಹಟ ಮಾಡಿ ಅದನ್ನೇ ಹಾಕ್ಕೊಂಡ್ರು. ಇಪ್ಪತ್ಮೂರು ವರ್ಷ ಪ್ರತಿದಿನ ಸಂಜೆ ನಾನೇ ಬಿಚ್ತಿದ್ದೆ. ಪಟ್ಟಿ ಸಡಿಲ ಮಾಡೋದು, ಕಾಲ್ಚೀಲ ಎಳೆಯೋದು, ಗಾಯ ಆಗಿದ್ಯಾ ನೋಡೋದು, ಪೌಡರ್ ಹಾಕೋದು, ಕಾಲು ಒರೆಸಿ ಬಾಗಿಲ ಸಂದೀಲಿ ನಿಲ್ಲಿಸೋದು.

ಅವತ್ತು ಬೆಳಿಗ್ಗೆ ಕೊಟ್ಟಿಗೆ ಮುಂದೆ ಕುಸಿದ್ರು. ಒಳಗೆ ತಂದು ಮಲಗಿಸೋ ಹೊತ್ಗೆ ಉಸಿರಿರ್ಲಿಲ್ಲ. ನನ್ನ ಕೈ ಅದರ ಪಾಡಿಗೆ ಕೆಲಸ ಮಾಡ್ಬುಡ್ತು. ಪಟ್ಟಿ ಬಿಚ್ಚಿದೆ, ಒರೆಸಿದೆ, ಸಂದೀಲಿ ನಿಲ್ಲಿಸಿದೆ. ಮೇಲೆ ಪಂಚೆ ಹೊದಿಸಿದ್ರು, ಆ ಗಲಾಟೇಲಿ ಯಾರೂ ನೋಡ್ಲಿಲ್ಲ. ಮಣ್ಣು ಮಾಡಿ ಬಂದು ದೀಪ ನೋಡೋವಾಗ ಸಂದೀಲಿದ್ದ ಕಾಲು ಎಲ್ರ ಕಣ್ಣಿಗೆ ಬಿತ್ತು.

ನಮ್ಮತ್ತೆ ಜಯಲಕ್ಷ್ಮಮ್ಮ ನೆಲಕ್ಕೆ ಕೂತ್ಬುಟ್ರು. ನಮ್ಮ ಕಡೆ ಸತ್ತೋರ್ನ ಯಾವ ಊನಾನೂ ಇಲ್ದಂಗೆ ಕಳಿಸ್ಬೇಕು. ಹಲ್ಸೆಟ್ಟು, ಕನ್ನಡಕ ಸೈತ ಹಾಕಿ ಕಳಿಸ್ತಾರೆ. "ನನ್ ಮಗನ್ನ ಕುಂಟನ್ ಮಾಡಿ ಕಳಿಸ್ಬುಟ್ಟೆಯಲ್ಲೇ" ಅಂದ್ರು. ಆಮೇಲೆ ನನ್ನ ಜೊತೆ ಮಾತು ಬುಟ್ರು. ಏನಾದ್ರೂ ಬೇಕಾದ್ರೆ ಗೋಡೆ ನೋಡ್ಕೊಂಡು ಹೇಳೋರು. ಹೋದ ತಿಂಗಳು ಗೋಡೆಗೇ ಹೇಳಿದ್ರು, ವರ್ಷದ ತಿಥಿ ದಿನ ಸಮಾಧಿ ಪಕ್ಕ ಅಗೆಸಿ ಕಾಲು ಹೂತುಬುಡ್ಬೇಕು ಅಂತ.

ಹೂಂ ಅಂದೆ. ತಪ್ಪು ಮಾಡ್ದೋಳು ಇನ್ನೇನು ಹೇಳಕ್ಕಾಯ್ತದೆ? ಆದ್ರೆ ನಂಗೆ ಇಷ್ಟ ಇರ್ಲಿಲ್ಲ. ಆ ಪಟ್ಟೀನ ಮೂರು ಸಲ ನಾನೇ ಹೊಲಿದಿದ್ದೆ. ಅದೂ ಮಣ್ಣಾದ್ರೆ ನಾನು ಇಪ್ಪತ್ಮೂರು ವರ್ಷ ಮಾಡಿದ್ದು ಎಲ್ಲೂ ಇರಾಕಿಲ್ಲ. ಇದನ್ನ ಯಾರಿಗೂ ಹೇಳಿರ್ಲಿಲ್ಲ, ಕಿಶನ್‌ಗೆ ಹೇಳ್ದೆ. ಅವನು ರಿಜಿಸ್ಟರು ಮುಚ್ಚಿಟ್ಟು, "ಹೂಳೋ ಮುಂಚೆ ಒಂದು ಫೋಟೋ, ಅಳತೆ ತಗೋತೀನಿ, ಅಷ್ಟಾದ್ರೂ ಇರ್ಲಿ" ಅಂದ.

ತಿಥಿಗೆ ಎರಡು ದಿನ ಇರೋವಾಗ ಬಂದ. ಅತ್ತೆ ಜಗಲೀಲಿ ಕೂತಿದ್ರು. ಕಿಶನ್ ಕಾಲನ್ನ ಬಿಳೀ ಬಟ್ಟೆ ಮೇಲೆ ಮಲಗಿಸಿ ಫೋಟೋ ತೆಗ್ದ, ಟೇಪ್ ಹಿಡಿದು ಉದ್ದ ಹೇಳ್ದ, ನಾನು ಬರ್ಕೊಂಡೆ. ಮುಂದಿನ ಕಾಲಂ ತೂಕದ್ದು. ಅವನು ಬ್ಯಾಗಲ್ಲಿ ತಕ್ಕಡಿ ತಡಕಾಡ್ತಿದ್ದ.

"ಕೊಡಿ ಇಲ್ಲಿ" ಅಂದ್ರು ಅತ್ತೆ.

ಅವರು ಅದನ್ನ ಮುಟ್ಟಿದ್ದೇ ಇಲ್ಲ. ಕಾಲಿಲ್ದೆ ಇರೋದನ್ನ ಅವ್ವ ನೋಡ್ಬಾರ್ದು ಅಂತ ನಮ್ಮ ಯಜಮಾನ್ರು ಬಾಗ್ಲಾಕ್ಕೊಂಡೇ ಬಿಚ್ಚಿಸ್ಕೋತಿದ್ರು. ಅವ್ವನ ಮುಂದೆ ಯಾವತ್ತೂ ನಗ್ತಾ ನಡೆದೋರು. ನಾನು ಎತ್ಕೊಟ್ಟೆ. ಅತ್ತೆ ಕೈ ಸೋತು ಕಾಲು ಧೊಪ್ ಅಂತ ಮಡ್ಲಿಗೆ ಬಿತ್ತು.

"ಇಷ್ಟೊಂದು ಭಾರವೇನೇ?" ಅಂದ್ರು. ಗೋಡೆಗಲ್ಲ, ನನ್ನ ಮುಖ ನೋಡಿ.

"ಹೂಂ ಕಣತ್ತೆ. ಕೆಸರು ಮೆತ್ಕೊಂಡ್ರೆ ಇನ್ನೂ ಭಾರ."

"ಹಗಲೆಲ್ಲ ಇದ್ನ ಎಳೀತಿದ್ನಾ?"

"ಹಗಲೆಲ್ಲ."

"ನೋಯ್ತಿತ್ತಾ?"

ಸುಳ್ಳು ಹೇಳ್ಬೋದಿತ್ತು. "ಕಾಲ್ಚೀಲದಲ್ಲಿ ರಕ್ತ ಇರೋದು. ಬಾಗ್ಲು ಹಾಕ್ದೇಟ್ಗೆ, ಬಿಚ್ಚೇ ಬೇಗ, ಸಾಕಾಗೋಯ್ತು ಅನ್ನೋರು" ಅಂದೆ.

ಅತ್ತೆ ಮಡ್ಲಲ್ಲಿದ್ದ ಕಾಲನ್ನ ಪಟ್ಟಿಯಿಂದ ಪಾದದವರ್ಗೂ ಸವರಿದ್ರು. ಕಿಶನ್ ತಕ್ಕಡಿ ಕೈಲಿಡ್ಕೊಂಡು ಅಂಗೇ ನಿಂತಿದ್ದ.

"ತಗೊಂಡೋಗಪ್ಪ" ಅಂದ್ರು ಅವನಿಗೆ. ಆಮೇಲೆ ನನ್ನ ಕೈ ಹಿಡ್ಕೊಂಡ್ರು. "ಅಲ್ಲೂ ಇದ್ನ ಹೊರಿಸ್ಬ್ಯಾಡ ಕಣವ್ವ ನನ್ ಮಗುಂಗೆ. ನೀನು ಬಿಚ್ಚಿ ಕಳಿಸಿದ್ದೇ ಸರಿ."