ಗಾಳಿ ತಾಗದ ಖೋಲಿ

ಕೂಸಿನ ಕಾಲ್ಗಡಗ ಕಪ್ಪಾಗಿದ್ದು ನಜಮುನ್ನಿಸಾಳ ಕಣ್ಣಿಗೆ ಬಿದ್ದದ್ದು ಬುಧವಾರ ಬೆಳಿಗ್ಗೆ, ಒದ್ದೆ ಬಟ್ಟೆ ಬದಲಿಸುವಾಗ. ಖೋಲಿಯ ಮಬ್ಬು ಬೆಳಕಿನಲ್ಲಿ ಕಾಡಿಗೆ ಹತ್ತಿರಬೇಕೆಂದು ಸೆರಗಿನ ತುದಿಯಿಂದ ಒರೆಸಿದಳು. ಹೋಗಲಿಲ್ಲ. ಉಗುಳು ಹಚ್ಚಿ ತಿಕ್ಕಿದಳು. ಆಗಲೂ ಹೋಗಲಿಲ್ಲ. ಸೋಮವಾರದ ತನಕ ಬೆಳ್ಳಗೆ ಹೊಳೆಯುತ್ತಿದ್ದ ಬೆಳ್ಳಿ, ಹದಿನೆಂಟು ದಿನದ ಕೂಸಿನ ಎರಡೂ ಕಾಲಲ್ಲಿ, ರೊಟ್ಟಿ ಹಂಚಿನ ತಳದ ಬಣ್ಣಕ್ಕೆ ತಿರುಗಿತ್ತು.

“ಗುಲಫಶಾ, ಇದಕ್ಕ ಏನರ ಹಚ್ಚಿಯೇನಬೇ?”

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಮಗಳು ತಿರುಗಲಿಲ್ಲ. “ನಾ ಏನ ಹಚ್ಚಲಿ ಅಮ್ಮಿ. ತಲಿ ಸಿಡ್ಯಾಕತ್ತದ. ಬಾಗಲಾ ಹಾಕು, ಬೆಳಕ ಬ್ಯಾಡ.”

ನಜಮುನ್ನಿಸಾ ಬಾಗಿಲು ಹಾಕಿಕೊಂಡು ಹೊರಗೆ ಬಂದಳು. ಬಾಗಿಲ ಕೆಳಗಿನ ಸಂದಿಗೆ ಗೋಣಿತಟ್ಟನ್ನು ಕಾಲಿನಿಂದ ಒತ್ತಿದಳು. ನಿನ್ನೆ ಮಗಳು ಎರಡು ಸಲ ವಾಂತಿ ಮಾಡಿಕೊಂಡ ಮೇಲೆ ಈ ಗೋಣಿತಟ್ಟು ಬಂದಿತ್ತು. ಎಲ್ಲಿಂದಲೋ ಗಾಳಿ ತಾಗಿದೆ, ಅದಕ್ಕೇ ವಾಯು ಏರಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಚೊಚ್ಚಲ ಬಾಣಂತಿಗೆ ನಲವತ್ತು ದಿನ ಗಾಳಿ ಸೋಕಬಾರದು. ಮಣ್ಣೂರಿನ ಆ ಮನೆಯ ಒಳಖೋಲಿ ಅದಕ್ಕೆಂದೇ ಕಟ್ಟಿದಂತಿತ್ತು. ದಪ್ಪ ಕಲ್ಲಿನ ಗೋಡೆ, ಒಂದು ಬಾಗಿಲು, ಒಂದೇ ಕಿಟಕಿ. ನಜಮುನ್ನಿಸಾಳ ಅತ್ತೆ ಅಲ್ಲಿ ಆರು ಹೆತ್ತಿದ್ದಳು, ಇವಳು ನಾಲ್ಕು. ಗುಲಫಶಾ ಹುಟ್ಟಿದ್ದೂ ಅಲ್ಲೇ. ಮಗಳನ್ನು ಅಫಜಲಪುರದ ಆಸ್ಪತ್ರೆಯಿಂದ ಕರೆತಂದ ದಿನ ನಜಮುನ್ನಿಸಾ ತನ್ನ ಹಳೆಯ ಓಢಣಿಯನ್ನು ಪಟ್ಟಿ ಪಟ್ಟಿಯಾಗಿ ಹರಿದು, ಕಿಟಕಿಯ ಒಂದೊಂದು ಸಂದಿಗೂ ಒಲೆ ಊದುವ ಕೊಳವೆಯ ತುದಿಯಿಂದ ಒತ್ತಿ ತುಂಬಿದ್ದಳು. ಆಮೇಲೆ ಕೆನ್ನೆಯನ್ನು ಹತ್ತಿರ ಹಿಡಿದು, ಎಲ್ಲಾದರೂ ತಣ್ಣಗೆ ಬಡಿಯುತ್ತದೆಯೇ ಎಂದು ನೋಡಿದ್ದಳು. ರಾತ್ರಿ ನಂಬಿಕೆ ಬರದೆ ಇನ್ನೊಮ್ಮೆ ನೋಡಿದ್ದಳು. ಯಾವ ಕೆಲಸವನ್ನಾದರೂ ಎರಡು ಸಲ ಮಾಡಿದರಷ್ಟೇ ಅವಳಿಗೆ ಸಮಾಧಾನ.

ಈ ಸಲ ಮರೆತದ್ದು ಒಂದೇ, ಬೇವಿನ ತಪ್ಪಲು. ಪ್ರತಿ ವರ್ಷ ಚಳಿಯ ನಡುವೆಯೇ ಅಂಗಳದ ಬೇವಿನ ಟೊಂಗೆ ಕಡಿಸಿ ನೆರಳಲ್ಲಿ ಒಣಗಿಸಿ ಇಡುತ್ತಿದ್ದಳು. ಹೊಸ ಜೋಳ ಬಂದಾಗ ಚೀಲಕ್ಕೆ ಒಂದು ಪದರ ಜೋಳ, ಒಂದು ಪದರ ತಪ್ಪಲು, ಒಂದು ಹಿಡಿ ಕುಳ್ಳಿನ ಬೂದಿ. ವರ್ಷವಿಡೀ ಹುಳ ಬೀಳುತ್ತಿರಲಿಲ್ಲ. ಈ ವರ್ಷ ಮಗಳ ಹೆರಿಗೆಯ ಓಡಾಟದಲ್ಲಿ ಅದು ತಲೆಯಿಂದ ಜಾರಿತು. ಸೋಮವಾರ ಹೊಲದಿಂದ ಹನ್ನೊಂದು ಚೀಲ ಬಂದು ಒಳಖೋಲಿಯ ತೆಂಕಣ ಗೋಡೆಗೆ ಒರಗಿದಾಗ ಅವಳು ಅಂಗಳಕ್ಕೆ ಓಡಿ ತಲೆಯೆತ್ತಿ ನೋಡಿದ್ದಳು. ಬೇವು ಎಲೆ ಉದುರಿಸಿ ಬೋಳಾಗಿ ನಿಂತಿತ್ತು. ತುದಿಗಳಲ್ಲಿ ಮಾತ್ರ ಕೆಂಪು ಚಿಗುರು, ಇರುವೆ ಕೂತಷ್ಟು.

“ಅದಕ್ಯಾಕ ಅಳ್ತಿ?” ಎಂದಿದ್ದ ಗಂಡ ಇಮಾಮಸಾಬ. “ಈಗ ಯಾರ ಹಾಕ್ತಾರ ತಪ್ಪಲ? ಅಂಗಡ್ಯಾಗ ಗುಳಿಗಿ ಸಿಗ್ತಾವ. ಚೀಲಕ್ಕೊಂದ ಹಾಕಿದ್ರ ಹುಳದ ವಂಶಾನೇ ಉಳಿಯಂಗಿಲ್ಲ.”

ಅಂದೇ ಅಫಜಲಪುರಕ್ಕೆ ಹೋದವನು ಅಲ್ಲಿಂದ ಫೋನು ಮಾಡಿದ. ಫೋನಿನಲ್ಲಿ ಅವನ ಮಾತು ಆಚೆ ಹೊಲದವರನ್ನು ಕೂಗಿದಂತೆ. “ಗುಳಿಗಿ ತೊಗೊಂಡೀನಿ. ಬಸ್ಸಿಗಿ ಬರಾಕತ್ತೀನಿ.” ಅಷ್ಟೇ, ಕಟ್ಟಾಯಿತು. ಎದುರಿನವರು ಏನಾದರೂ ಹೇಳುವುದಿದೆಯೇ ಎಂಬ ಯೋಚನೆ ಅವನಿಗೆ ಯಾವತ್ತೂ ಬಂದಿರಲಿಲ್ಲ. ಅದನ್ನು ಹೇಳಿಕೊಂಡು ತಾಯಿ ಮಗಳು ಎಷ್ಟೋ ಸಲ ನಕ್ಕಿದ್ದರು.

ಮನೆಗೆ ಬಂದ ಮೇಲೆ ನಜಮುನ್ನಿಸಾ ಕೇಳಿದ್ದಳು, “ಅಂಗಡ್ಯಾಂವ ಹ್ಯಾಂಗ ಹಾಕ್ಬೇಕಂತ ಹೇಳ್ದ?”

“ಕೈ ತೊಳಕೋರಿ ಅಂದ.”

“ಮತ್ತ?”

“ಮತ್ತೂ ಏನೋ ಹೇಳಾಕತ್ತಿದ್ದ. ಬಸ್ ಬಿಡ್ತು, ನಾ ಓಡಿ ಬಂದೆ.”

ಬೂದು ಬಣ್ಣದ ದಪ್ಪ ಗುಳಿಗೆಗಳು. ಕೊಳವೆಯಂಥ ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವಿತ್ತು. ತಿಂದರೆ ವಿಷವೆಂದು ನಜಮುನ್ನಿಸಾಳಿಗೆ ಗೊತ್ತಿತ್ತು; ತಿನ್ನುವವರು ಖೋಲಿಯಲ್ಲಿ ಯಾರೂ ಇರಲಿಲ್ಲ. ಕೂಸಿನ ಲಂಗೋಟಿ ಹೊಲಿದು ಉಳಿದ ಮೆತ್ತನೆಯ ಬಟ್ಟೆಯಲ್ಲಿ ಒಂದೊಂದನ್ನೇ ಗಂಟು ಕಟ್ಟಿ, ಮೊಣಕೈತನಕ ಕೈ ತೂರಿಸಿ ಚೀಲದ ನಡುವೆ ಇಟ್ಟಳು. ಡಬ್ಬಿಯನ್ನು ಅದೇ ಖೋಲಿಯ ಗೋಡೆಯಲ್ಲಿ ಯಾರಿಗೂ ಎಟುಕದ ಮಾಡದಲ್ಲಿಟ್ಟಳು. ಸಾಬೂನು ಹಚ್ಚಿ ಮೂರು ಸಲ ಕೈ ತೊಳೆದ ಮೇಲೆಯೇ ಕೂಸನ್ನು ಮುಟ್ಟಿದಳು. ಮರುದಿನ ಕಸ ಗುಡಿಸುವಾಗ ಚೀಲಗಳ ಬುಡದಲ್ಲಿ ಸತ್ತ ಜಿರಲೆಗಳು ಮೊರದ ತುಂಬ ಸಿಕ್ಕವು. ಜೊತೆಗೆ ಎರಡು ಹಲ್ಲಿ, ಹೊಟ್ಟೆ ಮೇಲಾಗಿ. ಗುಳಿಗೆ ಒಳ್ಳೆಯದೇ ಇದೆ ಎಂದುಕೊಂಡು ತಿಪ್ಪೆಗೆ ಚೆಲ್ಲಿದ್ದಳು.

ಈಗ ಈ ಕಪ್ಪು ಕಡಗ. ಇದು ದಿಟ್ಟಿಯಲ್ಲದೆ ಬೇರೆಯಲ್ಲ. ಅವಳು ಒಂದು ಹಿಡಿ ಉಪ್ಪು ತಂದು ಮತ್ತೆ ಖೋಲಿಯೊಳಗೆ ಹೋಗಿ, ಕೂಸಿಗೂ ಮಗಳಿಗೂ ನೀವಾಳಿಸಿ ಒಲೆಗೆ ಹಾಕಿದಳು. ಹೊರಗೆ ಬಂದಾಗ ಅವಳಿಗೂ ತಲೆ ಹಿಡಿದಂತಿತ್ತು. ಎರಡು ರಾತ್ರಿ ಹೊಸಿಲಲ್ಲಿ ಕುಳಿತೇ ಕಳೆದಿದ್ದಳು, ನಿದ್ದೆ ಇಲ್ಲದ್ದಕ್ಕೆ ಇರಬೇಕು.

ಹತ್ತು ಗಂಟೆಗೆ ಕಸ್ತೂರಿಬಾಯಿ ಬಂದಳು. ಓಣಿಯ ತುದಿಯ ಲಿಂಗಾಯತರ ಮನೆಯವಳು, ಎಪ್ಪತ್ತರ ಹತ್ತಿರ. ಮಣ್ಣೂರಿನ ಅರ್ಧ ಊರು ಅವಳ ಮೊಣಕಾಲ ಮೇಲೆ ಮಲಗಿ ಎರೆಸಿಕೊಂಡದ್ದು. ಜಾತಿ ಕೇಳದೆ ಎಲ್ಲರ ಕೂಸಿಗೂ ನೀರೆರೆಯುತ್ತಿದ್ದಳು, ಎಲ್ಲರ ಮನೆಯವರನ್ನೂ ಬೈಯುತ್ತಿದ್ದಳು.

“ಹೊರಗ ಬಿಸಲ ಹ್ಯಾಂಗ ಅದ ನೋಡು. ಶಿವರಾತ್ರಿ ಮುಗೀತು, ಥಂಡಿ ಓಡಿ ಹೋತು. ನೀ ಇನ್ನಾ ಮನೀನ ಡಬ್ಬಿ ಮಾಡಿ ಕೂತೀಯಲ್ಲ ನಜಮಾ,” ಎನ್ನುತ್ತ ಬಚ್ಚಲ ಕಲ್ಲಿನ ಮೇಲೆ ಕೂತು, ಸೀರೆ ಮೇಲೆ ಸಿಕ್ಕಿಸಿ, ಕಾಲು ಎರಡೂ ಮುಂದೆ ಚಾಚಿದಳು. “ತಾ ನನ್ನ ನವಾಬನ್ನ.”

ನಜಮುನ್ನಿಸಾ ಕೂಸನ್ನು ತಂದು ಅವಳ ಕಾಲ ಮೇಲೆ ಮಲಗಿಸಿ, ಕಡಗ ತೋರಿಸಿದಳು. “ನೋಡ್ರಿ ಅಕ್ಕಾ. ಎರಡ ದಿನದಾಗ ಹಿಂಗಾಗ್ಯದ.”

“ನಿಮ್ಮ ಬೀಗರು ಬೆಳ್ಳಿ ಅಂತ ಹೇಳಿ ಜರ್ಮನ್ ತಗಡ ಕೊಟ್ಟಾರೇನಬೇ?” ಕಸ್ತೂರಿಬಾಯಿ ನಕ್ಕು ಕಡಗಗಳನ್ನು ಕಳಚಿ ಕೊಟ್ಟಳು. “ಹುಣಸಿಹಣ್ಣ ಹಚ್ಚಿ ತಿಕ್ಕು.”

“ಶುಕ್ರವಾರ ಸೊಹೇಲ ಮಗನ್ನ ನೋಡಾಕ ಬರ್ತಾನ. ಅಳಿಯ ನೋಡಿದ್ರ ಏನ ತಿಳಕೊಂಡಾನು.”

“ಕಡಗ ನೋಡಾಕ ಬರ್ತಾನೋ, ಹೇಂತಿ ನೋಡಾಕ ಬರ್ತಾನೋ?”

ಬಿಸಿನೀರು ಕೂಸಿನ ಎದೆಯ ಮೇಲೆ ಬಿತ್ತು. ದಿನವೂ ಮೊದಲ ತಂಬಿಗೆಗೇ ಕೂಸು ಅರ್ಫಾತ ಚೀರುತ್ತಿದ್ದ ಚೀರಾಟಕ್ಕೆ ಹೊಳೆಗೆ ಹೋಗುವ ಹೆಂಗಸರು ದಾರಿಯಲ್ಲೇ ನಿಂತು ನಗುತ್ತಿದ್ದರು. ಇವತ್ತು ಅವನು ಅಳಲಿಲ್ಲ. ಎರಡನೇ ತಂಬಿಗೆಗೂ ಅಳಲಿಲ್ಲ. ಕೈಗಳು ಎರಡೂ ಬದಿಗೆ ಜೋತುಬಿದ್ದಿದ್ದವು.

ಕಸ್ತೂರಿಬಾಯಿಯ ಬಾಯಿಂದ ನಗು ಹೋಯಿತು. ಅಂಗಾಲಿಗೆ ಬೆರಳಿನಿಂದ ಹೊಡೆದಳು. “ಅಳೋ ಮಗನಾ. ಅಳು.” ಇನ್ನೊಮ್ಮೆ ಜೋರಾಗಿ ಹೊಡೆದಳು. ಬೆಕ್ಕಿನ ಮರಿಯಂಥ ಸಣ್ಣ ದನಿ ಬಂತು, ಅಷ್ಟೇ. ತುಟಿಗಳ ಸುತ್ತ ನೀಲಿ ತಿರುಗಿತ್ತು.

“ಹಾಲ ಯಾವಾಗ ಕುಡದದ?”

“ರಾತ್ರಿ ಒಂದೀಟ. ಮುಂಜಾನಿ ಬಾಯೇ ಹಚ್ಚಲಿಲ್ಲ.”

“ಹೊಗಿ ಹೆಚ್ಚಾಗ್ಯದ. ಎಷ್ಟ ಹಾಕ್ತೀಬೇ ನೀ?” ಕಸ್ತೂರಿಬಾಯಿ ಕೂಸನ್ನು ಸುತ್ತಿ ತಂದ ಬಟ್ಟೆಯನ್ನು ಮೂಗಿಗೆ ಹಿಡಿದಳು. “ಬಳ್ಳೊಳ್ಳಿ ಸಿಪ್ಪಿ ಒಂದ ಚೂರ ಕೆಂಡಕ್ಕ ಹಾಕು ಅಂದ್ರ ಗಂಟೇ ಹಾಕೀಯೇನು? ಅರಿವಿಯೆಲ್ಲ ಬಳ್ಳೊಳ್ಳಿ ನಾರಾಕತ್ತದ.”

“ಇವತ್ತ ಹಾಕಿಲ್ರಿ ಅಕ್ಕಾ.”

“ನಿನ್ನಿ?”

“ನಿನ್ನೀನೂ ಹಾಕಿಲ್ಲ. ಬಳ್ಳೊಳ್ಳಿ ಸೋಮವಾರಾನೇ ತೀರ್ಯಾವ. ಇವರು ಇವತ್ತ ತರಾಕ ಹೋಗ್ಯಾರ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬೆಳಗಿನ ಬಟ್ಟೆ. ತೊಳೆದು, ಬಿಸಿಲಿಗೆ ಒಣಗಿಸಿ, ಅವಳೇ ಮಡಚಿ ಖೋಲಿಯೊಳಗೆ ಇಟ್ಟಿದ್ದ ಬಟ್ಟೆ.

“ಮತ್ತ ಇದು ಎಲ್ಲಿಂದು ವಾಸನಿ?” ಎಂದಳು ಕಸ್ತೂರಿಬಾಯಿ.

ನಜಮುನ್ನಿಸಾ ಖೋಲಿಗೆ ಓಡಿದಳು. ಎರಡು ದಿನದಿಂದ ಈ ವಾಸನೆಯಲ್ಲೇ ಓಡಾಡಿದ್ದಳು, ಬಾಣಂತಿಯ ಖೋಲಿ ಹೀಗೇ ಇರುತ್ತದೆ ಎಂದುಕೊಂಡು. ಈಗ ಕತ್ತಲಲ್ಲಿ ಚೀಲಗಳ ಮುಂದೆ ಮಂಡಿಯೂರಿ ಒಂದರ ಬಾಯಿ ಬಿಚ್ಚಿ ಬಗ್ಗಿದಳು. ಕೊಳೆತ ಬಳ್ಳೊಳ್ಳಿಯ ಘಾಟು ಮುಖಕ್ಕೆ ಬಡಿಯಿತು. ಕಣ್ಣು ಕತ್ತಲೆಗಟ್ಟಿ, ಕೈಗೆ ಸಿಕ್ಕ ಗೋಡೆ ಹಿಡಿದು ಎದ್ದಳು. ಮಾಡದ ಮೇಲಿನ ಡಬ್ಬಿಯಿಂದ ಬುರುಡೆ ಅವಳತ್ತಲೇ ನೋಡುತ್ತಿತ್ತು.

“ಏಳಬೇ ಬೇಟಿ. ಏಳು, ಹೊರಗ ನಡಿ.”

ಗುಲಫಶಾಳ ರಟ್ಟೆ ಹಿಡಿದು ಎಳೆದರೆ ತಲೆ ಹಿಂದಕ್ಕೆ ಬಿತ್ತು. ಕಸ್ತೂರಿಬಾಯಿ ಕೂಸನ್ನು ಅಂಗಳದಲ್ಲಿ ಮಲಗಿಸಿ ಬಂದು ಕಾಲು ಹಿಡಿದಳು. ಹೊಸಿಲು ದಾಟುವಾಗ ಮಗಳು ಅರೆಗಣ್ಣು ತೆರೆದು, ಬಾಗಿಲ ಚೌಕಟ್ಟನ್ನು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. “ಬ್ಯಾಡ ಅಮ್ಮಿ,” ಎಂದಳು. “ಗಾಳಿ ಬಡೀತದ.”

ಆ ಬೆರಳುಗಳನ್ನು ನಜಮುನ್ನಿಸಾ ಒಂದೊಂದಾಗಿ ಬಿಡಿಸಬೇಕಾಯಿತು.

ಆಮೇಲಿನದೆಲ್ಲ ಬೇಗ ಆಯಿತು. ಬಳ್ಳೊಳ್ಳಿ ಚೀಲ ಹಿಡಿದು ಬಂದ ಇಮಾಮಸಾಬ, ಓಣಿಯ ಲಾಡ್ಲೆಸಾಬನ ಟಂಟಂ ಆಟೋ, ಅಫಜಲಪುರದ ಆಸ್ಪತ್ರೆ. ಅಲ್ಲಿ ಡಾಕ್ಟರ್ ನಜಮುನ್ನಿಸಾ ಒಯ್ದಿದ್ದ ಡಬ್ಬಿ ನೋಡಿದವನೇ, “ಇದನ್ನ ಮಂದಿ ಮಲಗೋ ಖೋಲ್ಯಾಗ ಇಟ್ಟಿದ್ರಾ? ಇದರಿಂದ ಏಳೋ ಗಾಳೀನೇ ವಿಷ,” ಎಂದು ಕೇಳಿದ. ಇಮಾಮಸಾಬ ನೆಲ ನೋಡಿದ. ತಾನು ಬಸ್ಸಿಗೆ ಓಡುವಾಗ ಅಂಗಡಿಯವನು ಹೇಳುತ್ತಿದ್ದುದು ಏನೆಂದು ಅವನಿಗೆ ಆಗ ತಿಳಿದಿರಬೇಕು. ಮಧ್ಯಾಹ್ನ ತಾಯಿ ಕೂಸು ಇಬ್ಬರನ್ನೂ ಕಲಬುರ್ಗಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಜೊತೆಗೆ ಹೋಗುವವರು ಒಬ್ಬರಿಗೇ ಜಾಗ. ಆಸ್ಪತ್ರೆಗೆ ಬೇಕಾದ ಕಾರ್ಡುಗಳೆಲ್ಲ ಇಮಾಮಸಾಬನ ಕಿಸೆಯಲ್ಲಿದ್ದವು, ಅವನು ಹತ್ತಿದ. ನಜಮುನ್ನಿಸಾ ಸಂಜೆಯ ಬಸ್ಸಿಗೆ ಒಬ್ಬಳೇ ಮನೆಗೆ ಬಂದಳು.

ಗುರುವಾರ ಕಸ್ತೂರಿಬಾಯಿಯ ಮಗ ಗುರುಶಾಂತ ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಬಂದು ಚೀಲಗಳನ್ನೆಲ್ಲ ಅಂಗಳದಾಚೆಗೆ ಎಳೆದು ಹಾಕಿದ. ಬಟ್ಟೆಯ ಗಂಟುಗಳಲ್ಲಿ ಗುಳಿಗೆ ಇರಲಿಲ್ಲ, ಬೂದಿಯಂಥ ಪುಡಿ ಮಾತ್ರ ಉಳಿದಿತ್ತು. ಅವನು ಅದನ್ನು ದೂರ ಹುಗಿದು ಬಂದ. ಖೋಲಿಯ ಬಾಗಿಲು ಹಗಲೆಲ್ಲ ತೆರೆದಿಟ್ಟ ಮೇಲೆ ನಜಮುನ್ನಿಸಾ ಒಳಗೆ ಹೋಗಿ ಕಿಟಕಿಯ ಸಂದಿಗಳಿಂದ ಓಢಣಿಯ ಪಟ್ಟಿಗಳನ್ನು ಕೀಳತೊಡಗಿದಳು. ತಾನೇ ಎರಡೆರಡು ಸಲ ಒತ್ತಿದ್ದವು, ಸುಲಭಕ್ಕೆ ಬರಲಿಲ್ಲ. ರೊಟ್ಟಿ ತಿರುವುವ ಸುಟುಗದಿಂದ ಎಬ್ಬಿದಳು. ಉಗುರು ಸೀಳಿತು. ಕೊನೆಯ ಪಟ್ಟಿ ಬಂದಾಗ ಹೊಳೆಯ ಕಡೆಯ ಗಾಳಿ ಒಳಗೆ ನುಗ್ಗಿ, ಬೇವಿನ ಒಣ ಎಲೆಗಳನ್ನು ಖಾಲಿ ಹಾಸಿಗೆಯ ತನಕ ತಂದು ಹಾಕಿತು.

ಅದೇ ಹೊತ್ತಿಗೆ ಇಮಾಮಸಾಬನ ಫೋನು. “ಸೊಹೇಲ ಇಲ್ಲಿಗೇ ಬಂದಾನ. ಇಬ್ರಿಗೂ ಆಕ್ಸಿಜನ್ ಹಚ್ಯಾರ. ಗುಲಫಶಾ ಕಣ್ಣ ತಗದಾಳ, ನೀರ ಬೇಡ್ಯಾಳ. ಕೂಸಿಂದು ಎರಡ ದಿನ ಏನೂ ಹೇಳಾಂಗಿಲ್ಲ ಅಂತಾರ.”

“ಒಂದ ಸಲ ಫೋನ ಅವಳ ಕೈಯಾಗ...” ಎನ್ನುವಷ್ಟರಲ್ಲಿ ಕಟ್ಟಾಗಿತ್ತು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ರಾತ್ರಿ ಕಡಗಗಳನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬೂದಿ ಹಚ್ಚಿ ತಿಕ್ಕಿದಳು. ಮೇಲೆ ಬೇಗ ಬೆಳ್ಳಗಾಯಿತು. ಒಳಮೈಯಲ್ಲಿ, ಕಾಲಿಗೆ ತಾಗುವ ಕಡೆ, ಕಪ್ಪು ಹಟ ಹಿಡಿದು ಕೂತಿತ್ತು. ದಾರ ತೂರಿಸಿ ಎಳೆದೆಳೆದು ಅದನ್ನೂ ತೆಗೆದಳು.

ಶುಕ್ರವಾರ ಒಂಬತ್ತೂವರೆಗೆ ಮತ್ತೆ ಫೋನು ಬಂತು. ಹಿಂದೆ ಗಾಡಿಗಳ ಸದ್ದು ಇತ್ತು. ಇಮಾಮಸಾಬ ಈ ಸಲ ಕೂಗಲಿಲ್ಲ.

“ಬರಾಕತ್ತೀವಿ,” ಎಂದ. “ನೀರ ಕಾಸಿಡು.”

ಕಟ್ಟಾಯಿತು.

ಹತ್ತು ಗಂಟೆಗೆ ಕಸ್ತೂರಿಬಾಯಿ ಬಂದಾಗ ನಜಮುನ್ನಿಸಾ ಇನ್ನೂ ಫೋನು ಹಿಡಿದು ಒಲೆಯ ಮುಂದೆ ಕುಳಿತಿದ್ದಳು.

“ಬರಾಕತ್ತಾರಂತ.”

“ಯಾರ್ಯಾರು?”

“ಕೇಳಲಿಲ್ರಿ.”

“ಮತ್ತೊಮ್ಮಿ ಹಚ್ಚಿ ಕೇಳು.”

ನಜಮುನ್ನಿಸಾ ಫೋನಿನ ಮೇಲೆ ಹೆಬ್ಬೆರಳು ಇಟ್ಟಳು. ಕಾಸಿದ ನೀರು ಕೂಸಿಗೆ ಎರೆಯಲೂ ಬೇಕು, ಸತ್ತವರಿಗೆ ಎರೆಯಲೂ ಬೇಕು. ಒತ್ತಲಿಲ್ಲ. ಅದನ್ನು ನೆಲದ ಮೇಲೆ ಬೋರಲು ಹಾಕಿ, ಹಂಡೆಯ ಕೆಳಗೆ ಇನ್ನೆರಡು ತೊಗರಿಕಟ್ಟಿಗೆ ನೂಕಿದಳು. ಕೈ ಅದ್ದಿ ನೋಡಿದಳು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಅದ್ದಿ ನೋಡಿದಳು.

ಕಸ್ತೂರಿಬಾಯಿ ಬಚ್ಚಲಿಗೆ ಹೋಗಿ, ಕಲ್ಲಿನ ಮೇಲಿದ್ದ ಬೇವಿನ ಎಲೆಗಳನ್ನು ಕೈಯಿಂದ ಸರಿಸಿದಳು. ಮೂಲೆಯಲ್ಲಿ ಒಣಬಟ್ಟೆಯ ಮೇಲೆ ಎರಡು ಕಡಗಗಳು ಬೆಳ್ಳಗೆ ಕೂತಿದ್ದವು. ಅವಳು ಸೀರೆ ಮೇಲೆ ಸಿಕ್ಕಿಸಿಕೊಂಡು ಕುಳಿತು, ಎರಡೂ ಕಾಲು ಮುಂದೆ ಚಾಚಿ, ಮೊಣಕಾಲು ಜೋಡಿಸಿದಳು. ತೆರೆದ ಬಾಗಿಲಿನಿಂದ ಗಾಳಿ ಬರುತ್ತಿತ್ತು. ಹಂಡೆಯ ನೀರು ಸಣ್ಣಗೆ ಸದ್ದು ಮಾಡತೊಡಗಿತು.