ಸರ್ ದನಿಯಲ್ಲಿ ಓದಿದ್ದು

ನನ್ನ ಬಾಯಲ್ಲಿ ಬರುವ ಮಾತಿನಲ್ಲಿ ಅರ್ಧ ಕದ್ದ ದನಿ. ನಾವಿರುವ ಅಜನಿ ರೈಲ್ವೆ ಕ್ವಾರ್ಟರ್ಸಿನ ಹಾಲಿನವನಿಂದ ಹಿಡಿದು ಕಾಲೇಜಿನ ಪ್ರಿನ್ಸಿಪಾಲರವರೆಗೆ ಯಾರನ್ನೂ ಅಣಕಿಸದೆ ಬಿಟ್ಟವಳಲ್ಲ ನಾನು. ಹಾಗಾಗಿ ಈ ಲಾಸ್ಯ ‘ಇದು ನಿಜ’ ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ನೀವಾದರೂ ನಂಬಿ, ಇದು ನಡೆದದ್ದು.

ನಾಗಪುರದ ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಬಂಧ ಕಲಿಸುತ್ತಿದ್ದವರು ಮೈಸೂರಿನ ಬಾಲಸುಬ್ರಹ್ಮಣ್ಯ ಸರ್. ಅವರು ಒಬ್ಬೊಬ್ಬರನ್ನೇ ಮೇಜಿನ ಬಳಿ ಕರೆದು, ನಾವು ಬರೆದದ್ದನ್ನು ನಮಗೇ ಗಟ್ಟಿಯಾಗಿ ಓದಿ ಕೇಳಿಸುತ್ತಿದ್ದರು. ಅವರ ಓದು ಎಲ್ಲಿ ತಡವರಿಸಿತೋ ಅಲ್ಲಿ ನಮ್ಮ ತಪ್ಪು. ಎಲ್ಲಿ ದನಿ ಇಳಿಯಿತೋ ಅಲ್ಲಿ ಏನೋ ಚೆನ್ನಾಗಿ ಬಂದಿದೆ. ಕೊನೆಗೊಂದು ಕೆಮ್ಮು, “ಹೂಂ... ದೇಖೋ ಬೇಟಾ” ಎಂಬ ಮೈಸೂರು ಹಿಂದಿ. ಅಂಕ ಎಷ್ಟೆಂದು ಯಾರೂ ಕೇಳುತ್ತಲೇ ಇರಲಿಲ್ಲ; ಅಂಕೆಯಲ್ಲಿರದ ನಾನಂತೂ ಇಲ್ಲವೇ ಇಲ್ಲ.

ದೀಪಾವಳಿ ರಜೆಯಲ್ಲಿ ಅವರ ಗಂಟಲಿಗೆ ಆಪರೇಷನ್ ಆಯಿತು. ದನಿ ಹೋಯಿತು, ಮತ್ತೆ ಬರುವುದಿಲ್ಲವಂತೆ. ಆಮೇಲೆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಡಲು ಶುರುಮಾಡಿದರು. ಎಲ್ಲರಿಗೂ ಇಂಗ್ಲಿಷಿನಲ್ಲಿ, ನನಗೊಬ್ಬಳಿಗೆ ಕನ್ನಡದಲ್ಲಿ. ನಾನೋ ನಾಗಪುರದಲ್ಲೇ ಬೆಳೆದವಳು. ಮನೆಯಲ್ಲಿ ಹುಬ್ಬಳ್ಳಿ ಕನ್ನಡ ಪಟಪಟ ಆಡಿದರೂ, ಓದಲು ಆಗೆಲ್ಲ ಒಂದೊಂದೇ ಅಕ್ಷರ ಕೂಡಿಸಬೇಕಿತ್ತು. ಓದದೆ ಮಡಚಿ ಬ್ಯಾಗಿಗೆ ಹಾಕುತ್ತಿದ್ದೆ. ಉಳಿದವರು ಅಂಕ ನೋಡಿ ಹಾಳೆ ಬಿಟ್ಟು ಹೋಗುತ್ತಿದ್ದರು. ಬೆಂಚಿನ ಕೆಳಗೆ ಬಿದ್ದವನ್ನು ಸರ್ ಬಗ್ಗಿ ಎತ್ತಿಕೊಳ್ಳುವುದನ್ನು ಕಂಡಿದ್ದೆ.

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು, ಬಕೆಟ್ ತುಂಬುವ ಸದ್ದಿನ ಮರೆಯಲ್ಲಿ ಅವರ ಕೆಮ್ಮನ್ನು ಕೆಮ್ಮಿ ನೋಡುತ್ತಿದ್ದೆ. ಬೇರೆ ದನಿಗಳನ್ನೆಲ್ಲ ನಗಿಸಲು ಕದ್ದಿದ್ದೆ. ಇದೊಂದನ್ನು ಕೇಳುವ ಆಸೆಗೆ.

ಒಂದು ಸೋಮವಾರ ಸರ್ ಬಂದವರೇ ಬೋರ್ಡಿನ ಮೇಲೆ ಬರೆದರು: ‘ಮುಂದಿನ ವಾರದಿಂದ ಈ ಕ್ಲಾಸಿಗೆ ಬೇರೆಯವರು. ನಾನು ಲೈಬ್ರರಿ ನೋಡಿಕೊಳ್ಳುತ್ತೇನೆ.’ ಬರೆದು, ಹಾಳೆ ಹಂಚತೊಡಗಿದರು.

ನನ್ನ ಪಕ್ಕ ಕೂತಿದ್ದವಳು ಕಳಮೇಶ್ವರದಿಂದ ಬಸ್ಸಿನಲ್ಲಿ ಬರುವ ಮೃಣಾಲ್ ಬೋರ್ಕುಟೆ. ಕಳಮನಾ ಮಂಡಿಯಲ್ಲಿ ಕಿತ್ತಳೆ ಇಳಿಸುವ ತನ್ನಪ್ಪನ ಬಗ್ಗೆ ಬರೆದಿದ್ದಳು. ಅಂಚಿನಲ್ಲಿ ಎರಡೇ ಪದ: ‘ಯಾವ ವಾಸನೆ?’

“ಪೆಹಲೇ ಪೂರಾ ಪಢ್‌ಕೇ ಸುನಾತೇ ಥೇ,” ಎಂದಳು ಸಣ್ಣಗೆ. ಮೊದಲು ಪೂರ್ತಿ ಓದಿ ಕೇಳಿಸುತ್ತಿದ್ದರಲ್ಲ, ಎಂಬ ಕೊರಗು.

ಸರ್ ಮತ್ತೆ ಬೋರ್ಡಿನ ಕಡೆ ತಿರುಗಿ ಏನೋ ಬರೆಯುತ್ತಿದ್ದರು. ನಾನು ಮೃಣಾಲಳ ಹಾಳೆ ಕಸಿದುಕೊಂಡು ಕೆಮ್ಮಿದೆ. ಅವರದೇ ಕೆಮ್ಮು. “ಹೂಂ... ದೇಖೋ ಬೇಟಾ ಮೃಣಾಲ್...” ಅವರದೇ ದನಿಯಲ್ಲಿ ಓದುತ್ತಾ ಹೋದೆ. ಅಪ್ಪ ಮನೆಗೆ ಬಂದು ಮಗಳ ತಲೆ ನೇವರಿಸುವ ಸಾಲಿನಲ್ಲಿ ದನಿ ತಾನಾಗಿ ಇಳಿಯಿತು. ಆ ಕೈಯಿಂದ ಯಾವ ವಾಸನೆ ಬರುತ್ತಿತ್ತು ಬೇಟಾ, ಅದನ್ನು ಯಾಕೆ ಬಚ್ಚಿಟ್ಟೆ ಎಂದು ಆ ಮೈಸೂರು ಹಿಂದಿಯಲ್ಲೇ ಕೇಳಿದೆ.

ಮೃಣಾಲ್ ಕಣ್ಣೊರೆಸಿಕೊಂಡಳು. ಬೋರ್ಡಿನ ಮೇಲೆ ಚಾಕ್‌ಪೀಸಿನ ಸದ್ದು ನಿಂತಿತ್ತು.

ಸರ್ ನನ್ನೆದುರು ಬಂದು ನಿಂತರು. ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ.

“ತಪ್ಪಾತ್ರಿ ಸರ್,” ಎಂದೆ. “ಚಾಷ್ಟಿ ಮಾಡಾಕ ಹೋದ್ನಿ.”

ಅವರು ಕಟ್ಟಿನಿಂದ ನನ್ನ ಹಾಳೆ ತೆಗೆದು, ಅಂಚಿನ ಕನ್ನಡದ ಮೇಲೆ ಬೆರಳಿಟ್ಟರು. ಆಮೇಲೆ ತಮ್ಮ ಗಂಟಲನ್ನು ಮುಟ್ಟಿ ತೋರಿಸಿದರು. ಈ ದನಿಯಲ್ಲೇ ಓದು, ಎಂಬಂತೆ.

ಕೆಮ್ಮಿ ಶುರುಮಾಡಿದೆ. “ಎ...ಲ್ಲ...ರ ದ...ನಿ...ಯೂ...” ಆ ಗಂಭೀರ ದನಿ ಒಂದನೇ ಕ್ಲಾಸಿನ ಹುಡುಗನ ಹಾಗೆ ಒತ್ತಕ್ಷರಕ್ಕೆ ಎಡವಿತು. “ನಿ...ನ್ನ...ಲ್ಲಿ...ದೆ. ನಿ...ನ್ನ...ದು ಎ...ಲ್ಲ...ಮ್ಮಾ?”

“ಕಾಯ್ ಮ್ಹಣಾಲೇ ಸರ್?” ಸರ್ ಏನಂದರು ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

ಹಿಂದಿಯಲ್ಲಿ ಹೇಳಿದೆ, ಅದನ್ನೂ ಸರ್ ದನಿಯಲ್ಲೇ: ಎಲ್ಲರ ದನಿಯೂ ಇವಳಲ್ಲಿದೆಯಂತೆ, ಇವಳದೇ ಕಾಣೆಯಂತೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಎಲ್ಲರಿಗಿಂತ ಜೋರಾಗಿ ನಕ್ಕವರು ಸರ್. ಬಾಯಿಂದ ಸದ್ದೇ ಇಲ್ಲ. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು, ಕೈಯಲ್ಲಿದ್ದ ಡಸ್ಟರು ಮೇಜನ್ನು ಧಡಧಡ ಬಡಿಯುತ್ತಿತ್ತು. ಅದೇ ಡಸ್ಟರಿನಿಂದ ಬೋರ್ಡಿನ ಮೇಲಿನ ಲೈಬ್ರರಿಯ ಸಾಲನ್ನು ಒರೆಸಿಹಾಕಿ, ಇನ್ನೊಬ್ಬರ ಹಾಳೆಯನ್ನು ನನ್ನತ್ತ ತಳ್ಳಿ, ಓದು ಓದು ಎಂಬಂತೆ ಮತ್ತೆ ಮೇಜು ಬಡಿಯತೊಡಗಿದರು.